ದಹನ ತಗ್ಗಿಸಿದ ಧೂಮಪಾನ ಸಾಧನಗಳು

ತಂಬಾಕು ಸುಟ್ಟಾಗ ಹುಟ್ಟುವ ವಿಷಗಳು ಸೇದುವವರ ಒಳಗೆ ಕಡಿಮೆ ಹೋಗಲಿ ಎಂಬ ಉದ್ದೇಶದಿಂದ ರೂಪಿಸಿದ ಸಾಧನಗಳ ಸಾಮಾನ್ಯ ಹೆಸರು. ನೀರಿನ ಮೂಲಕ ಹೊಗೆ ಹಾಯಿಸುವ ಹುಕ್ಕಾ, ಫಿಲ್ಟರ್ ಸಿಗರೇಟು, ತಂಬಾಕನ್ನು ಸುಡದೆ ಕಾಯಿಸುವ ಯಂತ್ರ, ನಿಕೋಟಿನ್ ದ್ರವವನ್ನು ಆವಿಯಾಗಿಸುವ ಇ-ಸಿಗರೇಟು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಅತ್ಯಂತ ಹಳೆಯದಕ್ಕೆ ನಾಲ್ಕು ನೂರು ವರ್ಷ ದಾಟಿದೆ. ಅದರ ಕಥೆ ಬಹುಪಾಲು ನಡೆದದ್ದು ದಖ್ಖನದಲ್ಲಿ.

ಈ ಲೇಖನ ವಿಷಯವನ್ನು ಯಾದಗಿರಿ, ಶಹಾಪುರ, ಸುರಪುರಗಳ ಕಡೆಯಿಂದ ನೋಡುತ್ತದೆ. ಕೃಷ್ಣಾ, ಭೀಮಾ ನದಿಗಳು ಹರಿಯುವ ಈ ಸೀಮೆ 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಹತ್ತಿ, ತೊಗರಿ, ಜೋಳ ಬೆಳೆಯುವ, ನಾರಾಯಣಪುರ ಕಾಲುವೆಯ ನೀರು ಬಂದ ಕಡೆ ಭತ್ತ ನಾಟಿ ಮಾಡುವ, ಬೇಸಿಗೆಯಲ್ಲಿ ಬೆಂಗಳೂರು, ಹೈದರಾಬಾದು, ಮುಂಬಯಿಗೆ ದುಡಿಯಲು ಗುಳೆ ಹೋಗುವ ಜನರ ನಾಡಿದು. ಇಂಥ ಕಡೆ ಕೂಲಿಕಾರನ ಜೇಬಿನಲ್ಲಿರುವುದು ಬೀಡಿ ಕಟ್ಟು. 2016–17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 7.7 ಮಂದಿ ಬೀಡಿ ಸೇದುತ್ತಿದ್ದರು; ಸಿಗರೇಟು ಸೇದುವವರು ಶೇ. 4. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಹೊಗೆಯ ವಿಷ ತಗ್ಗಿಸಲು ನಡೆದ ಪ್ರಯೋಗಗಳಲ್ಲಿ ಬಹುತೇಕ ಎಲ್ಲವೂ ಸಿಗರೇಟಿಗಾಗಿ ನಡೆದವು. ಬಡವರ ಹೊಗೆಯ ಬಗ್ಗೆ ಯಾವ ಪ್ರಯೋಗಾಲಯವೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ಈ ವಿಷಯದ ಕುರಿತ ಯಾವ ವಿವರಣೆಯೂ ಈ ಕೊರತೆಯನ್ನು ಮರೆಯಬಾರದು.

ಸುಡುವಾಗ ಆಗುವುದೇನು

ಸಿಗರೇಟಿನ ದಮ್ಮು ಎಳೆದಾಗ ತುದಿಯ ಕೆಂಡ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕೆಂಡದ ಹಿಂದೆಯೇ, 200ರಿಂದ 600 ಡಿಗ್ರಿಯ ನಡುವೆ, ಆಮ್ಲಜನಕ ಸಾಲದ ಒಂದು ಪಟ್ಟಿ ಇರುತ್ತದೆ. ಅಲ್ಲಿ ಎಲೆ ಪೂರ್ತಿ ಉರಿಯುವುದಿಲ್ಲ, ಬೆಂದು ಒಡೆಯುತ್ತದೆ. ಹೊಗೆಯ ಬಹುಪಾಲು ವಿಷಗಳು ಹುಟ್ಟುವುದು ಈ ಅರೆಬೆಂದ ಪಟ್ಟಿಯಲ್ಲಿ. ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್, ಫಾರ್ಮಾಲ್ಡಿಹೈಡ್, ಅಕ್ರೋಲೀನ್, ಬೆಂಜೀನ್, ಬೆಂಜೊಪೈರೀನ್ ಇವುಗಳಲ್ಲಿ ಮುಖ್ಯವಾದವು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಗುರುತಿಸಲಾಗಿದೆ. ಸುಮಾರು 70 ಕ್ಯಾನ್ಸರ್ ತರುವಂಥವು.

ಇವುಗಳಲ್ಲಿ ಎರಡು ಬಗೆ ಇವೆ ಎಂಬುದನ್ನು ಗಮನಿಸಬೇಕು. ಕಾರ್ಬನ್ ಮೊನಾಕ್ಸೈಡ್, ಬೆಂಜೊಪೈರೀನ್‌ನಂಥವು ಯಾವ ಎಲೆ, ಕಟ್ಟಿಗೆ ಸುಟ್ಟರೂ ಬರುತ್ತವೆ. ತಂಬಾಕಿನ ನೈಟ್ರೊಸಮೀನ್‌ಗಳು ಹಾಗಲ್ಲ. ಎಲೆಯನ್ನು ಹದ ಮಾಡುವಾಗಲೇ ಅದರಲ್ಲಿ ಕೂಡಿಕೊಂಡು ಹೊಗೆಗೆ ಸಾಗುತ್ತವೆ. ಮೊದಲನೆಯದನ್ನು ತಗ್ಗಿಸಲು ಬೆಂಕಿಯನ್ನು ಹತೋಟಿಗೆ ತರಬೇಕು, ಎರಡನೆಯದನ್ನು ತಗ್ಗಿಸಲು ಎಲೆಯನ್ನು. ನಿಕೋಟಿನ್ ಮಾತ್ರ ಇವೆರಡರಲ್ಲೂ ಸೇರದು. ಅದು ಚಟ ಹತ್ತಿಸುತ್ತದೆ, ರಕ್ತದ ಒತ್ತಡ ಏರಿಸುತ್ತದೆ, ಗರ್ಭದ ಕೂಸಿಗೂ ಬೆಳೆಯುವ ಮಕ್ಕಳ ಮಿದುಳಿಗೂ ಕೆಡುಕು ಮಾಡುತ್ತದೆ. ಆದರೆ ಸೇದುವವರ ಶ್ವಾಸಕೋಶವನ್ನು ಕೊಲ್ಲುವ ಮುಖ್ಯ ಪದಾರ್ಥ ಅದಲ್ಲ. ನಿಕೋಟಿನ್ ಉಳಿಸಿಕೊಂಡು ಹೊಗೆ ಬಿಡಿಸುವ ಯೋಚನೆಗೆ ಬುನಾದಿ ಇದೇ.

ಇನ್ನೊಂದು ಸಂಗತಿ ಈ ಲೆಕ್ಕವನ್ನು ಕಷ್ಟವಾಗಿಸುತ್ತದೆ. ವಿಷ ಅರ್ಧವಾದರೆ ಅಪಾಯವೂ ಅರ್ಧವಾಗುತ್ತದೆ ಎಂದು ಹೇಳಲಾಗದು. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, 20 ಸೇದುವವರಿಗೆ ಹೃದ್ರೋಗದಲ್ಲಿ ಹೆಚ್ಚುವ ಅಪಾಯದ ಸುಮಾರು ಅರ್ಧದಷ್ಟು ಇರುತ್ತದೆಂದು 2018ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿತು. ಹೃದಯಕ್ಕೆ ಸ್ವಲ್ಪ ಹೊಗೆಯೂ ಬಹಳವೇ. ಆದ್ದರಿಂದ ಹೊಗೆಯನ್ನು ‘ಕಡಿಮೆ’ ಮಾಡುವ ಸಾಧನಕ್ಕೂ ಹೊಗೆಯನ್ನು ಇಲ್ಲವಾಗಿಸುವ ಸಾಧನಕ್ಕೂ ಇರುವ ಅಂತರ ಪ್ರಯೋಗಾಲಯದ ಅಂಕಿಗಳು ತೋರುವುದಕ್ಕಿಂತ ದೊಡ್ಡದು.

ಹುಕ್ಕಾ: ದಖ್ಖನದ ಮೊದಲ ವಿನ್ಯಾಸ

ಹೊಗೆಯನ್ನು ಮೆದುವಾಗಿಸಿ ಸೇದಬೇಕೆಂಬ ಯೋಚನೆ ತಂಬಾಕಿಗಿಂತ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧಿ ಮೂಲಿಕೆಗಳ ಬತ್ತಿಯನ್ನು ‘ಧೂಮನೇತ್ರ’ವೆಂಬ ಕೊಳವೆಯಲ್ಲಿಟ್ಟು ಸೇದುವ ಕ್ರಮವಿದೆ. ಚಿಕಿತ್ಸೆಯ ಬಗೆಗೆ ತಕ್ಕಂತೆ ಕೊಳವೆಯ ಉದ್ದವನ್ನು ಅಂಗುಲಗಳಲ್ಲಿ ಹೇಳಿದೆ. ದೂರದಿಂದ ಸಾಗಿ ಬಂದ ಹೊಗೆ ಇಂದ್ರಿಯಗಳನ್ನು ಬಾಧಿಸದೆಂಬುದು ಅದರ ಹಿಂದಿನ ತರ್ಕ. ತಂಬಾಕು ಆಗಿನ್ನೂ ಈ ಖಂಡಕ್ಕೆ ಕಾಲಿಟ್ಟಿರಲಿಲ್ಲ. ಅಮೆರಿಕದಿಂದ ಹೊರಟು ಪೋರ್ಚುಗೀಸರ ಹಡಗುಗಳಲ್ಲಿ 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದು, ಅಲ್ಲಿಂದ ವಿಜಯಪುರದ ಆದಿಲ್‌ಶಾಹಿ ರಾಜ್ಯಕ್ಕೆ ಹತ್ತಿತು.

ಮೊಗಲರ ಆಸ್ಥಾನ ತಂಬಾಕನ್ನು ಕಂಡದ್ದು ವಿಜಯಪುರದ ಮೂಲಕ. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಿಂದ ಮರಳುವಾಗ ತಂಬಾಕನ್ನೂ ರತ್ನ ಕೂರಿಸಿದ ಕೊಳವೆಯೊಂದನ್ನೂ ಒಯ್ದು ಬಾದಶಹನ ಮುಂದಿಟ್ಟ. ತನ್ನ ಬರಹದಲ್ಲಿ ಅವನೇ ಅದನ್ನು ದಾಖಲಿಸಿದ್ದಾನೆ. ಅಕ್ಬರ್ ಒಂದೆರಡು ದಮ್ಮು ಎಳೆದ. ಆಸ್ಥಾನದ ವೈದ್ಯ ಬೇಡವೆಂದ. ಪರೀಕ್ಷಿಸದ ವಸ್ತುವನ್ನು ಒಳಗೆ ತೆಗೆದುಕೊಳ್ಳಬಾರದೆಂಬುದು ವೈದ್ಯನ ವಾದವಾಗಿತ್ತು. ಇಂದಿನ ಔಷಧ ನಿಯಂತ್ರಕರು ಹೊಸ ಸಾಧನಗಳ ಬಗ್ಗೆ ಎತ್ತುವ ಪ್ರಶ್ನೆಯೂ ಅದೇ. ಬಾದಶಹ ಬಿಟ್ಟರೂ ಅಮೀರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ತಂಬಾಕು ಸೇವನೆಯನ್ನು ನಿಷೇಧಿಸಿದ; ನಿಷೇಧ ನಿಲ್ಲಲಿಲ್ಲ. ಶಹಾಪುರದ ಪಕ್ಕದ ಸಗರ, ಸುರಪುರ ನಾಯಕರ ವಾಗಣಗೇರಿ ಎಲ್ಲವೂ ಈ ಆದಿಲ್‌ಶಾಹಿ ವಲಯದೊಳಗೇ ಇದ್ದವು. ಹೀಗಾಗಿ ತಂಬಾಕು ಈ ಸೀಮೆಗೆ ದಿಲ್ಲಿಯಿಂದ ಇಳಿದು ಬರಬೇಕಾಗಿರಲಿಲ್ಲ.

ಹೊಗೆಯನ್ನು ನೀರಿನಲ್ಲಿ ಹಾಯಿಸಿ ಶುದ್ಧಮಾಡುವ ಹುಕ್ಕಾವನ್ನು ಕಂಡುಹಿಡಿದವನು ಅಕ್ಬರನ ವೈದ್ಯ ಹಕೀಂ ಅಬುಲ್ ಫತಹ್ ಗಿಲಾನಿ ಎಂದು ಅನೇಕ ಪುಸ್ತಕಗಳು ಬರೆಯುತ್ತವೆ. ಇದು ನಂಬಲು ಕಷ್ಟ. ಗಿಲಾನಿ ತೀರಿಕೊಂಡದ್ದು 1589ರಲ್ಲಿ, ಅಸದ್ ಬೇಗ್ ತಂಬಾಕು ತರುವುದಕ್ಕೆ ಹದಿನೈದು ವರ್ಷ ಮೊದಲು. ಅದಕ್ಕೂ ಮುಂಚಿನ ಪರ್ಷಿಯನ್ ಕಾವ್ಯದಲ್ಲಿ ನೀರಿನ ಕೊಳವೆಯ ಉಲ್ಲೇಖ ಸಿಗುತ್ತದೆ. ಕಂಡುಹಿಡಿದವರು ಯಾರೇ ಇರಲಿ, ವೈದ್ಯನೊಬ್ಬನ ಹೆಸರು ಅದಕ್ಕೆ ಅಂಟಿಕೊಂಡದ್ದಕ್ಕೆ ಅರ್ಥವಿದೆ: ಹುಕ್ಕಾ ಮೊದಲಿನಿಂದಲೂ ಆರೋಗ್ಯದ ಭರವಸೆಯೊಡನೆ ಬಂದ ಸಾಧನ. ಬೀದರಿನ ಕುಶಲಕರ್ಮಿಗಳು ಸತುವು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ ಮಾಡಿದ ಹುಕ್ಕಾ ಬುಡಗಳು 17, 18ನೇ ಶತಮಾನದ ದಖ್ಖನಿ ಕಲೆಯ ಶ್ರೇಷ್ಠ ಮಾದರಿಗಳು. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಅವನ್ನು ನೋಡಬಹುದು. ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಹಳ್ಳಿಯ ಬಡವರಿಗೆ ಉಳಿದದ್ದು ಮಣ್ಣಿನ ಚಿಲುಮೆ. ಅದರ ಬಾಯಿಗೆ ಸುತ್ತುವ ಒದ್ದೆ ಬಟ್ಟೆಯೇ ಅವರ ಫಿಲ್ಟರು.

ಹುಕ್ಕಾದ ಭರವಸೆ ಎಲ್ಲಿ ಸೋಲುತ್ತದೆ ಎಂಬುದು ಮುಂದೆ ಬರುವ ಎಲ್ಲ ಸಾಧನಗಳನ್ನು ಅರಿಯಲು ಬೇಕಾದ ಪಾಠ. ನೀರು ಹೊಗೆಯನ್ನು ತಣಿಸುತ್ತದೆ, ನೀರಿನಲ್ಲಿ ಕರಗುವ ಕೆಲವು ಪದಾರ್ಥಗಳನ್ನು ಅಷ್ಟಿಷ್ಟು ಹಿಡಿದಿಡುತ್ತದೆ. ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ನಿಲ್ಲುವುದಿಲ್ಲ. ಬೆಂಜೊಪೈರೀನ್ ಕೂಡ ಬಹುಪಾಲು ಹಾಗೇ ದಾಟಿ ಹೋಗುತ್ತದೆ. ಹುಕ್ಕಾದಲ್ಲಿ ತಂಬಾಕು ಸಿಗರೇಟಿನ ಕೆಂಡದಷ್ಟು ಕಾಯುವುದಿಲ್ಲ ಎಂಬುದು ನಿಜ. ಆದರೆ ಅದನ್ನು ಕಾಯಿಸುವುದು ಮೇಲಿಟ್ಟ ಇದ್ದಲು. ಆ ಇದ್ದಲು ತಾನೇ ಕಾರ್ಬನ್ ಮೊನಾಕ್ಸೈಡನ್ನೂ ಮಸಿಯನ್ನೂ ಸೇರಿಸುತ್ತದೆ. ಹೊಗೆ ತಂಪಾಗಿ ಗಂಟಲು ಉರಿಯದ ಕಾರಣ ಸೇದುವವರು ಉದ್ದವಾಗಿ, ಆಳವಾಗಿ, ಗಂಟೆಗಟ್ಟಲೆ ಎಳೆಯುತ್ತಾರೆ. ಒಂದು ಗಂಟೆಯ ಹುಕ್ಕಾ ಕೂಟದಲ್ಲಿ ಒಳಗೆ ಹೋಗುವ ಹೊಗೆಯ ಗಾತ್ರ ಒಂದು ಸಿಗರೇಟಿನದಕ್ಕಿಂತ 100ರಿಂದ 200 ಪಟ್ಟು ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 2005ರಲ್ಲಿ ಎಚ್ಚರಿಸಿತು. ಒಂದು ಕಡೆ ವಿಷ ಇಳಿಯಿತು, ಇನ್ನೊಂದು ಕಡೆಯಿಂದ ಬಂದು ಸೇರಿತು, ಸೇದುವ ರೀತಿಯೂ ಬದಲಾಯಿತು. ಯಾವ ಹೊಸ ಸಾಧನವನ್ನು ಪರೀಕ್ಷಿಸುವಾಗಲೂ ಈ ಮೂರನ್ನೂ ಕೇಳಬೇಕು.

ನಗರಗಳ ಹುಕ್ಕಾ ಬಾರುಗಳಲ್ಲಿ ಸುವಾಸನೆಯ ತಂಬಾಕಾಗಿ ಮರಳಿ ಬಂದ ಈ ಪದ್ಧತಿಯನ್ನು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜ್ಯ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ರಾಜ್ಯದ ತಿದ್ದುಪಡಿ ಕಾಯ್ದೆ ಹುಕ್ಕಾ ಬಾರು ನಡೆಸುವವರಿಗೆ ಜೈಲು ಶಿಕ್ಷೆ ವಿಧಿಸುತ್ತದೆ. ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸುತ್ತದೆ.

ಬೀಡಿ: ವಿನ್ಯಾಸಕರು ಮುಟ್ಟದ ಹೊಗೆ

ಬೀಡಿಯಲ್ಲಿ ತಂಬಾಕು ಕಡಿಮೆ, ಸುಮಾರು 0.2 ಗ್ರಾಂ; ಸಿಗರೇಟಿನಲ್ಲಿ ಇದರ ಮೂರು ನಾಲ್ಕು ಪಟ್ಟು. ಹೀಗಾಗಿ ಬೀಡಿ ‘ಹಗುರ’, ಎಲೆಯಲ್ಲಿ ಸುತ್ತಿದ್ದರಿಂದ ‘ಪ್ರಕೃತಿಸಹಜ’ ಎಂಬ ನಂಬಿಕೆ ಊರೂರಲ್ಲೂ ಇದೆ. ಹೊಗೆಯನ್ನು ಅಳೆದವರು ಕಂಡದ್ದು ಬೇರೆ. 1974ರಲ್ಲಿ ಹಾಫ್‌ಮನ್, ಸಾಂಘ್ವಿ ಮತ್ತು ವಿಂಡರ್ ಭಾರತದ ಬೀಡಿಯನ್ನೂ ಅಮೆರಿಕದ ಸಿಗರೇಟನ್ನೂ ಹೋಲಿಸಿ, ಬೀಡಿಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಅಮೋನಿಯ, ಹೈಡ್ರೋಜನ್ ಸಯನೈಡ್, ಬೆಂಜೊಪೈರೀನ್ ಎಲ್ಲವೂ ಹೆಚ್ಚೆಂದು ತೋರಿಸಿದರು. ಆಮೇಲಿನ ಭಾರತೀಯ ಅಳತೆಗಳೂ ಟಾರ್ ಮತ್ತು ನಿಕೋಟಿನ್ ವಿಷಯದಲ್ಲಿ ಇದನ್ನೇ ಹೇಳಿದವು.

ಕಾರಣ ಎಲೆಯಲ್ಲಿದೆ. ಸಿಗರೇಟಿನ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ದಮ್ಮು ಎಳೆದಾಗ ಪಕ್ಕದಿಂದ ಗಾಳಿ ನುಗ್ಗಿ ಹೊಗೆಯನ್ನು ತೆಳುವಾಗಿಸುತ್ತದೆ, ಕೆಂಡ ಆರದಂತೆ ನೋಡಿಕೊಳ್ಳುತ್ತದೆ. ಬೀಡಿ ಎಲೆ ಗಾಳಿ ಬಿಡುವುದಿಲ್ಲ. ಕೆಂಡಕ್ಕೆ ಉಸಿರು ಸಾಲದೆ ಬೀಡಿ ಆಗಾಗ ಆರಿಹೋಗುತ್ತದೆ. ಆರದಂತೆ ಇಡಬೇಕಾದರೆ ಬೇಗ ಬೇಗ, ಜೋರಾಗಿ ಎಳೆಯಬೇಕು. ಆಮ್ಲಜನಕ ಕಡಿಮೆಯಾದಷ್ಟೂ ಅರೆಬೆಂದ ವಿಷ ಹೆಚ್ಚು. ಜೊತೆಗೆ ಹೊದಿಕೆಯ ಎಲೆಯೂ ಉರಿಯುವ ವಸ್ತುವೇ. ಒಳಗಿನ ತಂಬಾಕನ್ನು ಎಷ್ಟೇ ಸುಧಾರಿಸಿದರೂ ಎಲೆಯ ಹೊಗೆ ಉಳಿಯುತ್ತದೆ. ಫಿಲ್ಟರ್ ಹಚ್ಚಿದ ಬೀಡಿಗಳು ಮಾರುಕಟ್ಟೆಗೆ ಬಂದಿದ್ದವಾದರೂ ಮೂಲದ ಈ ತೊಂದರೆಯನ್ನು ಅವು ಮುಟ್ಟಲಾರವು.

2008ರಲ್ಲಿ ಪ್ರಕಟವಾದ ಪ್ರಭಾತ್ ಝಾ ಮತ್ತು ಸಂಗಡಿಗರ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರು ಸರಾಸರಿ 6 ವರ್ಷ, ಸಿಗರೇಟು ಸೇದುವ ಗಂಡಸರು 10 ವರ್ಷ, ಬೀಡಿ ಸೇದುವ ಹೆಂಗಸರು 8 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. ಬೀಡಿಯ ಸಂಖ್ಯೆ ಸಿಗರೇಟಿಗಿಂತ ಕಡಿಮೆ ಇರುವುದನ್ನು ಮುಚ್ಚಿಡಬೇಕಾಗಿಲ್ಲ. ಆರು ವರ್ಷವೆಂದರೆ ಅದೇ ಸಾಕಷ್ಟು. ಮಧ್ಯವಯಸ್ಸಿನವರನ್ನು ಕ್ಷಯಕ್ಕೂ ಉಸಿರಾಟದ ರೋಗಗಳಿಗೂ ಹೊಗೆ ದೂಡುವುದನ್ನು ಅದೇ ಅಧ್ಯಯನ ಎತ್ತಿ ತೋರಿಸಿತು. ಜನರು ಕೂಲಿಗಾಗಿ ಊರೂರು ಅಲೆದು, ಗಾಳಿಯಾಡದ ಶೆಡ್ಡುಗಳಲ್ಲಿ ಮಲಗುವ ಜಿಲ್ಲೆಗೆ ಇದು ಪುಸ್ತಕದ ಮಾತಲ್ಲ.

ಬೀಡಿಯನ್ನು ಸುಧಾರಿಸುವುದಕ್ಕೆ ಇನ್ನೊಂದು ಅಡ್ಡಿ ಅದನ್ನು ಮಾಡುವ ಬಗೆ. ಯಾದಗಿರಿ ಪಟ್ಟಣದಲ್ಲಿ ಬೀಡಿ ಕಟ್ಟುವುದು ನಿಜಾಮರ ಕಾಲದಿಂದ ಬಂದ ಮನೆಗೆಲಸ. ಎಲೆ ನೆನೆಸಿ, ಕತ್ತರಿಯಿಂದ ಅಳತೆಗೆ ಕತ್ತರಿಸಿ, ತಂಬಾಕಿನ ಪುಡಿ ಉದುರಿಸಿ, ಬೆರಳಲ್ಲಿ ಸುತ್ತಿ, ದಾರ ಕಟ್ಟಿ ತುದಿ ಮಡಚುವ ಕೆಲಸವನ್ನು ಬಹುಪಾಲು ಹೆಂಗಸರು ಮೊರ ಮುಂದಿಟ್ಟುಕೊಂಡು ಮಾಡುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಕೈಯಿಂದ ಕೈಗೆ ಬೀಡಿಯ ಬಿಗಿ ಬೇರೆ, ತಂಬಾಕಿನ ತೂಕ ಬೇರೆ, ಎಲೆಯ ದಪ್ಪ ಬೇರೆ. ಹೊಗೆಯನ್ನು ಅಂಕಿಯಲ್ಲಿ ಹಿಡಿದಿಡುವ ಯಾವ ವಿನ್ಯಾಸಕ್ಕೂ ಬೇಕಾದ ಏಕರೂಪತೆ ಇಲ್ಲಿಲ್ಲ. ಅದನ್ನು ತರಲು ಹೋದರೆ ಯಂತ್ರ ಬರಬೇಕು, ಕಟ್ಟುವವರ ಕೂಲಿ ಹೋಗಬೇಕು.

ಫಿಲ್ಟರು ಮತ್ತು ‘ಲೈಟ್’

1950ರ ದಶಕದಲ್ಲಿ ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಂಬಂಧ ಸ್ಪಷ್ಟವಾದಾಗ ಕಂಪನಿಗಳು ಫಿಲ್ಟರಿನ ಮೊರೆಹೋದವು. ಆ ಫಿಲ್ಟರುಗಳಲ್ಲಿ ಅತ್ಯಂತ ಘೋರವಾದುದು ಅಮೆರಿಕದ ಕೆಂಟ್ ಸಿಗರೇಟಿನದು: 1952ರಿಂದ 1956ರವರೆಗೆ ಅದರ ಫಿಲ್ಟರಿನಲ್ಲಿ ಕಲ್ನಾರು ಇತ್ತು. ಕಲ್ನಾರಿನ ಎಳೆ ತಾನೇ ಕ್ಯಾನ್ಸರ್ ತರುತ್ತದೆ. ಆಮೇಲೆ ಸೆಲ್ಯುಲೋಸ್ ಅಸಿಟೇಟ್ ಫಿಲ್ಟರು ನೆಲೆಯಾಯಿತು. ಅದರ ಸುತ್ತ ಸಣ್ಣ ತೂತು ಕೊರೆದು ಗಾಳಿ ಬೆರೆಸಿದರೆ ಟಾರ್ ಅಂಕಿ ಇನ್ನೂ ಇಳಿಯುತ್ತದೆಂದು ಕಂಡುಕೊಂಡರು. ಹೀಗೆ ‘ಲೈಟ್’ ಸಿಗರೇಟು ಹುಟ್ಟಿತು.

ಅಂಕಿ ಇಳಿದದ್ದು ಯಂತ್ರದಲ್ಲಿ. ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಹೊಗೆ ಎಳೆಯುವ ಯಂತ್ರ ನಿಮಿಷಕ್ಕೊಮ್ಮೆ ಎರಡು ಸೆಕೆಂಡಿನಲ್ಲಿ 35 ಮಿಲಿಲೀಟರ್ ಎಳೆಯುತ್ತದೆ. ಫಿಲ್ಟರಿನ ತೂತುಗಳನ್ನು ಮುಚ್ಚುವುದಿಲ್ಲ. ಮನುಷ್ಯ ಹಾಗೆ ಸೇದುವುದಿಲ್ಲ. ನಿಕೋಟಿನ್ ಸಾಲದಿದ್ದರೆ ಆಳವಾಗಿ, ಪದೇ ಪದೇ ಎಳೆಯುತ್ತಾನೆ, ಬೆರಳು ತುಟಿಗಳಿಂದ ತೂತುಗಳನ್ನು ತನಗರಿವಿಲ್ಲದೆ ಮುಚ್ಚುತ್ತಾನೆ. ಕೆನಡಾ ರೂಪಿಸಿದ ಕಠಿಣ ಕ್ರಮದಲ್ಲಿ ತೂತು ಮುಚ್ಚಿ ಅರ್ಧ ನಿಮಿಷಕ್ಕೊಮ್ಮೆ 55 ಮಿಲಿಲೀಟರ್ ಎಳೆದಾಗ ‘ಲೈಟ್’ ಮತ್ತು ಸಾಮಾನ್ಯ ಸಿಗರೇಟಿನ ಅಂತರ ಬಹುಪಾಲು ಕರಗಿಹೋಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2001ರ ವರದಿಯಲ್ಲಿ ಈ ಸಿಗರೇಟುಗಳಿಂದ ಜನಾರೋಗ್ಯಕ್ಕೆ ಲಾಭವಾದ ಪುರಾವೆ ಇಲ್ಲವೆಂದು ಹೇಳಿತು. ಲಕ್ಷಾಂತರ ಜನ ಬಿಡಬೇಕೆಂದಿದ್ದವರು ‘ಲೈಟ್’ಗೆ ಬದಲಾಗಿ ಸೇದುತ್ತಲೇ ಉಳಿದರು. ಹೊಗೆ ತಗ್ಗಿಸುವ ವಿನ್ಯಾಸದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಮೋಸ ಇಲ್ಲ.

ಭಾರತದ 2003ರ ತಂಬಾಕು ನಿಯಂತ್ರಣ ಕಾಯ್ದೆ ಪೊಟ್ಟಣದ ಮೇಲೆ ಟಾರ್ ಮತ್ತು ನಿಕೋಟಿನ್ ಪ್ರಮಾಣವನ್ನೂ ಗರಿಷ್ಠ ಮಿತಿಯನ್ನೂ ನಮೂದಿಸಬೇಕೆನ್ನುತ್ತದೆ. ಅದು ಜಾರಿಯಾಗಿಲ್ಲ. ಪರೀಕ್ಷೆಗೆಂದು ನೋಯ್ಡಾ, ಮುಂಬಯಿ, ಗುವಾಹಾಟಿಗಳಲ್ಲಿ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಸ್ಥಾಪಿಸಲಾಗಿದೆ. ಯಂತ್ರದ ಅಂಕಿಯನ್ನು ಪೊಟ್ಟಣದ ಮೇಲೆ ಹಾಕುವುದು ಒಳ್ಳೆಯದೇ ಎಂಬುದು ‘ಲೈಟ್’ ಅನುಭವದ ನಂತರ ಸರಳ ಪ್ರಶ್ನೆಯಾಗಿ ಉಳಿದಿಲ್ಲ. ಚಿತ್ರಸಹಿತ ಎಚ್ಚರಿಕೆಯ ಪರಿಣಾಮ ಹೆಚ್ಚು ನೇರವಾದದ್ದು. ಪೊಟ್ಟಣದ ಶೇ. 85 ಭಾಗಕ್ಕೆ ಎಚ್ಚರಿಕೆ ಇರಬೇಕೆಂಬ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ರದ್ದುಮಾಡಿದಾಗ ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಎಲೆ ಹದಗೊಳಿಸುವಲ್ಲಿ

ಒಂದು ವಿಷವನ್ನು ಬುಡದಲ್ಲೇ ತಡೆದ ನಿದರ್ಶನ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕಿನ ಎಲೆ ಒಣಗಿಸುವ ಬ್ಯಾರನ್‌ಗಳಲ್ಲಿದೆ. ಅಮೆರಿಕದಲ್ಲಿ 1970ರ ದಶಕದಿಂದ ಗ್ಯಾಸ್ ಉರಿಯನ್ನು ನೇರವಾಗಿ ಎಲೆಯ ಮೇಲೆ ಹಾಯಿಸಿ ಒಣಗಿಸತೊಡಗಿದಾಗ ಉರಿಯ ನೈಟ್ರೋಜನ್ ಆಕ್ಸೈಡುಗಳು ಎಲೆಯ ನಿಕೋಟಿನ್‌ನೊಡನೆ ಸೇರಿ ನೈಟ್ರೊಸಮೀನ್ ಹೆಚ್ಚಾಯಿತು. ಬಿಸಿಯನ್ನು ಕೊಳವೆಯೊಳಗೆ ಹಾಯಿಸಿ, ಉರಿಯ ಗಾಳಿ ಎಲೆಗೆ ತಾಗದಂತೆ ಮಾಡಿದ ಮೇಲೆ ಇಳಿಯಿತು. ಮೈಸೂರು ಸೀಮೆಯ ಬ್ಯಾರನ್‌ಗಳು ಮೊದಲಿನಿಂದಲೂ ಕೊಳವೆಯ ಬಿಸಿಯಿಂದಲೇ ಎಲೆ ಹದಗೊಳಿಸುವುದರಿಂದ ಆ ತೊಂದರೆ ಇಲ್ಲಿ ಬರಲಿಲ್ಲ. ಆದರೆ ಅದಕ್ಕೆ ಉರಿಯುವುದು ಕಟ್ಟಿಗೆ. ಬೆಲೆ ತೆತ್ತದ್ದು ಮರಗಳು. ಬೀಡಿಯ ತಂಬಾಕು ಬೇರೆಯೇ ಬೆಳೆ. ನಿಪ್ಪಾಣಿ ಭಾಗದ ಕಪ್ಪು ಭೂಮಿಯಲ್ಲಿ ಬೆಳೆದು ಬಿಸಿಲಲ್ಲಿ ಒಣಗುತ್ತದೆ. ಹುಣಸೂರಿನ ಲಾಭ ಅದಕ್ಕೆ ದಾಟುವುದಿಲ್ಲ.

ಸುಡದೆ ಕಾಯಿಸುವುದು

ಬೆಂಕಿಯನ್ನೇ ತೆಗೆಯುವ ಮೊದಲ ದೊಡ್ಡ ಪ್ರಯತ್ನ ಆರ್.ಜೆ. ರೆನಾಲ್ಡ್ಸ್ ಕಂಪನಿಯ ‘ಪ್ರೀಮಿಯರ್’. 1988ರಲ್ಲಿ ಅಮೆರಿಕದ ಕೆಲವು ನಗರಗಳಲ್ಲಿ ಮಾರಾಟಕ್ಕಿಟ್ಟರು. ತುದಿಯ ಇದ್ದಲಿನ ತುಂಡು ಗ್ಲಿಸರಿನ್ ಮತ್ತು ತಂಬಾಕಿನ ಸಾರವನ್ನು ಕಾಯಿಸುತ್ತಿತ್ತು. ರುಚಿ ಕೆಟ್ಟದಾಗಿತ್ತು, ಎಳೆಯಲು ಬಹಳ ಕಷ್ಟವಾಗುತ್ತಿತ್ತು. ಮರುವರ್ಷವೇ ಹಿಂದೆ ತೆಗೆದುಕೊಂಡರು. ಫಿಲಿಪ್ ಮಾರಿಸ್ ಕಂಪನಿ 1998ರಲ್ಲಿ ವಿದ್ಯುತ್ತಿನಿಂದ ಕಾಯಿಸುವ ‘ಅಕಾರ್ಡ್’ ತಂದಿತು, ಅದೂ ನಿಲ್ಲಲಿಲ್ಲ. ಸಣ್ಣ ಬ್ಯಾಟರಿಗಳು ಸುಧಾರಿಸಿದ ನಂತರ 2014ರಲ್ಲಿ ಜಪಾನಿನ ನಗೋಯದಲ್ಲೂ ಇಟಲಿಯ ಮಿಲಾನಿನಲ್ಲೂ ಬಿಡುಗಡೆಯಾದ ‘ಐಕಾಸ್’ ಗೆದ್ದಿತು. ಜಪಾನಿನಲ್ಲಿ ಸಿಗರೇಟು ಮಾರಾಟ ಗಣನೀಯವಾಗಿ ಕುಸಿಯಿತು.

ಈ ಯಂತ್ರಗಳು ಒತ್ತಿ ಮಾಡಿದ ತಂಬಾಕಿನ ಕಡ್ಡಿಯನ್ನು ಸುಮಾರು 350 ಡಿಗ್ರಿಯೊಳಗೆ ಕಾಯಿಸುತ್ತವೆ. ಜರ್ಮನಿಯ ಸರ್ಕಾರಿ ಅಪಾಯ ಮೌಲ್ಯಮಾಪನ ಸಂಸ್ಥೆ 2018ರಲ್ಲಿ ಸ್ವತಂತ್ರವಾಗಿ ಅಳೆದಾಗ ಆಲ್ಡಿಹೈಡುಗಳು ಶೇ. 80ರಿಂದ 95ರಷ್ಟು, ಬೆಂಜೀನ್‌ನಂಥ ಆವಿಗಳು ಶೇ. 97ಕ್ಕೂ ಹೆಚ್ಚು ಕಡಿಮೆಯಾದದ್ದು ಕಂಡಿತು. ನಿಕೋಟಿನ್ ಸಿಗರೇಟಿನಷ್ಟೇ ಇತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರ ಜುಲೈನಲ್ಲಿ, ಪೂರ್ತಿ ಬದಲಾದವರಿಗೆ ವಿಷದ ‘ಸಂಪರ್ಕ’ ಕಡಿಮೆಯಾಗುತ್ತದೆಂದು ಹೇಳಿಕೊಳ್ಳಲು ಕಂಪನಿಗೆ ಅನುಮತಿ ಕೊಟ್ಟಿತು. ‘ರೋಗ’ ಕಡಿಮೆಯಾಗುತ್ತದೆಂದು ಹೇಳಿಕೊಳ್ಳಲು ಕೊಡಲಿಲ್ಲ. ಎಚ್ಚರದ, ಸರಿಯಾದ ತೀರ್ಮಾನ. ವಿಷದ ಅಳತೆ ಇವತ್ತೇ ಸಿಗುತ್ತದೆ, ರೋಗದ ಲೆಕ್ಕಕ್ಕೆ ದಶಕಗಳು ಬೇಕು. ಜೊತೆಗೆ ಇಂಥ ಸಾಧನ ಕೊಂಡವರಲ್ಲಿ ಅನೇಕರು ಸಿಗರೇಟನ್ನೂ ಬಿಡುವುದಿಲ್ಲ. ಎರಡನ್ನೂ ಸೇದುವವರಿಗೆ ದಕ್ಕುವ ಲಾಭ ಅತ್ಯಲ್ಪ.

ಇ-ಸಿಗರೇಟಿನಲ್ಲಿ ಎಲೆಯೇ ಇಲ್ಲ. ಚೀನಾದ ಔಷಧಶಾಸ್ತ್ರಜ್ಞ ಹಾನ್ ಲಿಕ್ 2003ರಲ್ಲಿ ರೂಪಿಸಿದ ಮಾದರಿ ಇದರ ಮೂಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಸುವಾಸನೆ ಬೆರೆಸಿದ ದ್ರವವನ್ನು ಬಿಸಿ ತಂತಿ ಆವಿಯಾಗಿಸುತ್ತದೆ. ಕಾರ್ಬನ್ ಮೊನಾಕ್ಸೈಡ್, ಟಾರ್ ಬಹುತೇಕ ಇರುವುದಿಲ್ಲ. ದ್ರವ ತೀರಿ ತಂತಿ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ತಂತಿಯ ಲೋಹವೂ ಆವಿಯಲ್ಲಿ ಸೇರಬಹುದು. ಸೇದುವವರು ಬಿಡಲು ನಿಕೋಟಿನ್ ಇ-ಸಿಗರೇಟು ಗಂ, ಪಟ್ಟಿಗಳಂಥ ನಿಕೋಟಿನ್ ಬದಲಿ ಚಿಕಿತ್ಸೆಗಿಂತ ಹೆಚ್ಚು ನೆರವಾಗುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಪರಿಶೀಲನೆ ಗಟ್ಟಿ ಪುರಾವೆಯೊಡನೆ ಹೇಳಿದೆ. ಹಾಗೆಯೇ ಎಂದೂ ಸೇದದ ಹುಡುಗ ಹುಡುಗಿಯರನ್ನು ಅದು ನಿಕೋಟಿನ್‌ಗೆ ಎಳೆದದ್ದೂ ಅಷ್ಟೇ ಗಟ್ಟಿ ಸತ್ಯ. 2019ರಿಂದ 2020ರ ಆರಂಭದವರೆಗೆ ಅಮೆರಿಕದಲ್ಲಿ ಆವಿ ಸೇದಿ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 68 ಮಂದಿ ಸತ್ತರು. ಗಾಂಜಾ ಸಾರದ ದ್ರವಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ಗೊತ್ತಾಯಿತು.

ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು ವರ್ಷದ ಕೊನೆಗೆ ಕಾಯ್ದೆ ಮಾಡಿತು. ಕಾಯಿಸುವ ಯಂತ್ರ, ಇ-ಹುಕ್ಕಾ ಕೂಡ ಅದರ ವ್ಯಾಖ್ಯೆಯೊಳಗಿವೆ. ತಯಾರಿಕೆ, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಹೀಗೆ ದಹನವಿಲ್ಲದ ಸಾಧನ ಈ ದೇಶದಲ್ಲಿ ಅಪರಾಧ, ದಹನವಿರುವ ಬೀಡಿ ಸಿಗರೇಟು ಮೂಲೆ ಮೂಲೆಯ ಪಾನ್‌ಶಾಪಿನಲ್ಲಿ ಸಲೀಸು. ಮಕ್ಕಳನ್ನು ಕಾಯುವ ಉದ್ದೇಶ ನ್ಯಾಯವಾದದ್ದೇ. ಆದರೆ ಒಂದನ್ನು ಪೂರ್ತಿ ಮುಚ್ಚಿ ಇನ್ನೊಂದನ್ನು ತೆರೆದಿಟ್ಟ ವ್ಯವಸ್ಥೆಯನ್ನು ಆರೋಗ್ಯದ ತರ್ಕವೊಂದರಿಂದಲೇ ಸಮರ್ಥಿಸಲು ಆಗದು. ಬೀಡಿ ಸೇದುವ ಕೂಲಿಕಾರ ಆ ಯಂತ್ರಗಳನ್ನು ಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ ಎಂಬುದು ಬೇರೆ ಮಾತು.

ಮೂಲಿಕೆ ಬೀಡಿ, ಬಾಯಿಯ ತಂಬಾಕು

ತಂಬಾಕಿಲ್ಲದ, ತುಳಸಿ, ಲವಂಗ ಮುಂತಾದ ಮೂಲಿಕೆಗಳ ಸಿಗರೇಟುಗಳನ್ನು ತಂಬಾಕು ಬಿಡಿಸುವ ಮದ್ದೆಂದು ಮಾರುತ್ತಾರೆ. ನಿಕೋಟಿನ್ ಇಲ್ಲ ಎಂಬುದಷ್ಟೇ ಇವುಗಳ ಹೆಚ್ಚಳ. ತುಳಸಿ ಸುಟ್ಟರೂ ಕಾರ್ಬನ್ ಮೊನಾಕ್ಸೈಡ್, ಟಾರ್ ಬಂದೇ ಬರುತ್ತವೆ.

ಬೀಡಿ ಬಿಟ್ಟು ಗುಟ್ಕಾ, ತಂಬಾಕು–ಸುಣ್ಣಕ್ಕೆ ಹೊರಳುವುದು ಹೆಚ್ಚು ಅಪಾಯದ ದಾರಿ. ಸ್ವೀಡನ್ನಿನ ‘ಸ್ನೂಸ್’ ಬಾಯಿಯ ತಂಬಾಕಾಗಿದ್ದು, ಆ ದೇಶದ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಯುರೋಪಿನಲ್ಲೇ ಕಡಿಮೆಯಾಗಲು ನೆರವಾಗಿದೆ ಎಂದು ವಾದಿಸುವವರಿದ್ದಾರೆ. ಅಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ ನೈಟ್ರೊಸಮೀನ್ ಬೆಳೆಯದಂತೆ ತಡೆಯುತ್ತಾರೆ. ನಮ್ಮಲ್ಲಿ ಸುಣ್ಣ, ಅಡಿಕೆ ಬೆರೆಯುತ್ತವೆ. ಅಡಿಕೆ ತಾನೇ ಕ್ಯಾನ್ಸರ್‌ಕಾರಕ. 2016–17ರ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 21.4 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು, ಬಾಯಿಯ ಕ್ಯಾನ್ಸರ್ ಇಲ್ಲಿ ಮುಂಚೂಣಿಯಲ್ಲಿರುವುದು ಅದಕ್ಕೇ. ಕರ್ನಾಟಕ ಗುಟ್ಕಾವನ್ನು 2013ರ ಮೇ ತಿಂಗಳಲ್ಲಿ ನಿಷೇಧಿಸಿತು. ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಜೋಡಿಯಾಗಿ ಮಾರಿ ಆ ನಿಷೇಧವನ್ನು ತಪ್ಪಿಸುತ್ತಾರೆ.

ನಿಕೋಟಿನ್ ಔಷಧಿಗಳು

ದಹನವಿಲ್ಲದ, ಕಾನೂನು ಒಪ್ಪಿದ, ಪರೀಕ್ಷೆ ದಾಟಿದ ಬದಲಿ ಒಂದೇ: ನಿಕೋಟಿನ್ ಗಂ, ಪಟ್ಟಿ, ಚೀಪುವ ಗುಳಿಗೆ. ಗಂ ಕಲ್ಪನೆ ಸ್ವೀಡನ್ನಿನ ಊವೆ ಫರ್ನ್ಯೂ ಅವರದು, 1967ರ ಸುಮಾರಿನದು. ಜಲಾಂತರ್ಗಾಮಿಗಳಲ್ಲಿ ಸೇದಲಾಗದ ನಾವಿಕರು ಹೇಗೆ ಬದುಕುತ್ತಾರೆಂಬ ಪ್ರಶ್ನೆಯಿಂದ ಅದು ಹುಟ್ಟಿತು. 1978ರಲ್ಲಿ ಸ್ವಿಟ್ಜರ್ಲೆಂಡ್ ಮೊದಲು ಅನುಮತಿ ಕೊಟ್ಟಿತು. ಭಾರತದಲ್ಲಿ 2 ಮತ್ತು 4 ಮಿಲಿಗ್ರಾಂ ಗಂ ಸಿಗುತ್ತದೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. ಗಂ ಅನ್ನು ಎಲೆಯಡಿಕೆಯಂತೆ ಸತತವಾಗಿ ಜಗಿಯಬಾರದು. ಖಾರ ಹತ್ತಿದಾಗ ಕೆನ್ನೆಗೆ ಸರಿಸಿಟ್ಟು, ಮತ್ತೆ ಜಗಿಯಬೇಕು. ಈ ಒಂದು ಮಾತನ್ನು ಹೇಳಿಕೊಡದೆ ಕೊಟ್ಟ ಗಂ ಬಿಕ್ಕಳಿಕೆ, ಹೊಟ್ಟೆ ತೊಳಸುವಿಕೆ ತಂದು ಎರಡೇ ದಿನದಲ್ಲಿ ಕಸಕ್ಕೆ ಹೋಗುತ್ತದೆ.

ಯಾದಗಿರಿಯಂಥ ಜಿಲ್ಲೆಯಲ್ಲಿ ತೊಡಕು ಬೆಲೆಯದು. ದಿನದ ಬೀಡಿಗಿಂತ ದಿನದ ಗಂ ದುಬಾರಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ, ನಿಲ್ಲದೆ ಸಿಗುವಂತಾದರೆ ಮಾತ್ರ ಅದು ಹೊಲದ ಕೂಲಿಯವರೆಗೆ ತಲುಪೀತು. ದೂರವಾಣಿ ಸಲಹೆಯ ಸೌಲಭ್ಯ ಇದೆ: ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿ 1800-112-356. 2016ರಲ್ಲಿ ದಿಲ್ಲಿಯಲ್ಲಿ ಶುರುವಾದ ಈ ಸೇವೆಯ ಒಂದು ಕೇಂದ್ರ 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು ಕನ್ನಡದಲ್ಲೂ ಮಾತಾಡುತ್ತಾರೆ. ಸಲಹೆಯೂ ಔಷಧಿಯೂ ಕೂಡಿದಾಗ ಬಿಡುವವರ ಪ್ರಮಾಣ ಹೆಚ್ಚುತ್ತದೆ. ಬಿಟ್ಟ ಮೊದಲ ದಿನಗಳಲ್ಲೇ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಮಾಮೂಲಿಗೆ ಇಳಿಯುತ್ತದೆ. ಯಾವ ಫಿಲ್ಟರೂ ಕೊಡದ ಫಲ ಇದು.

ಬೀಡಿ ಕಟ್ಟುವವರು ಈ ಚರ್ಚೆಯ ಹೊರಗೆ ಉಳಿಯುವಂತಿಲ್ಲ. ಅವರ ಉಸಿರಿಗೆ ಸೇರುವುದು ಹೊಗೆಯಲ್ಲ, ತಂಬಾಕಿನ ಧೂಳು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳ ಸಂಘಟನೆಯನ್ನು ‘ಯುಗಾಂತರ’ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿದಾಗಲೇ ಆ ಧೂಳಿನ ಕಥೆ ಹೊರಬಂದಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, 1976ರ ಕಲ್ಯಾಣ ನಿಧಿ ಅವರಿಗೆ ಗುರುತಿನ ಚೀಟಿ, ಔಷಧಾಲಯ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಕೊಟ್ಟವು. ನಿಧಿಯ ಮೂಲ ಬೀಡಿಯ ಮೇಲೆ ಹಾಕುತ್ತಿದ್ದ ಸೆಸ್. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಸೆಸ್ ರದ್ದಾಯಿತು. ಬೀಡಿ ಸೇದುವವರು ಕಡಿಮೆಯಾದಷ್ಟೂ ಮೊರದ ಮುಂದೆ ಕುಳಿತವರ ಕೂಲಿ ಕಡಿಮೆಯಾಗುತ್ತದೆ. ಹೊಗೆ ತಗ್ಗಿಸುವ ಯೋಜನೆಗೆ ಹಣ ತೆಗೆದಿಡುವವರು ಅದೇ ಪುಟದಲ್ಲಿ ಈ ಹೆಂಗಸರ ಬೇರೆ ದುಡಿಮೆಗೂ ಹಣ ಬರೆದಿಡಬೇಕಾಗುತ್ತದೆ.